ಎತ್ತರದ ಹೊಗೆಕೊಳವೆ, ದೂರದ ನೆರೆಮನೆ

ಮೇಲಿನ ಹೊಲದವನು ಬದು ಕಡಿದು ನೀರು ಹರಿಯಬಿಟ್ಟರೆ ಕೆಳಗಿನ ಹೊಲದವನು ಸುಮ್ಮನಿರುವುದಿಲ್ಲ. ಊರ ಹಿರಿಯರನ್ನು ಕರೆತಂದು ಕಡಿದ ಬದುವನ್ನೂ ಕೊಚ್ಚಿಹೋದ ಪೈರನ್ನೂ ತೋರಿಸುತ್ತಾನೆ. ನ್ಯಾಯ ಒಂದು ಬಗೆಯಲ್ಲಿ ತೀರುತ್ತದೆ. ನೀರಿಗೆ ಇಳುಕಲು ಉಂಟು, ದಾರಿ ಉಂಟು, ಬಂದ ದಿಕ್ಕಿನ ಗುರುತು ಉಂಟು. ಗಾಳಿಗೆ ಇದಾವುದೂ ಇಲ್ಲ. ಅದರಲ್ಲಿಯೂ ನಡುವೆ ಒಂದು ಸಮುದ್ರವೇ ಇರುವಲ್ಲಿ, ಹಾನಿ ಮಾಡಿದವನಿಗೆ ಹಾನಿಗೊಳಗಾದವನ ಮುಖಪರಿಚಯವೂ ಇರುವುದಿಲ್ಲ. ಹಾನಿಗೊಳಗಾದವನಿಗೆ ತನ್ನ ಹೊಳೆಯ ಮೀನು ಸತ್ತದ್ದು ಯಾರಿಂದ ಎಂಬುದನ್ನು ಅರಿಯಲು ಒಂದು ತಲೆಮಾರೇ ಹಿಡಿಯಬಹುದು. ಇಂಗ್ಲೆಂಡಿನ ಕಲ್ಲಿದ್ದಲ ಹೊಗೆ ಉತ್ತರ ಸಮುದ್ರವನ್ನು ದಾಟಿ ನಾರ್ವೆ, ಸ್ವೀಡನ್ನುಗಳ ಹೊಳೆ ಕೆರೆಗಳಲ್ಲಿ ಆಮ್ಲವಾಗಿ ಇಳಿದದ್ದು ಇಂಥದೊಂದು ವ್ಯಾಜ್ಯ. ಯುರೋಪಿನಲ್ಲಿ ಅದು ಬಹುಮಟ್ಟಿಗೆ ತೀರಿದೆ. ಆದರೆ ಅಲ್ಲಿ ಸೋತ ವಾದವೇ ಇಂದು ಭಾರತದಲ್ಲಿ ಗೆದ್ದು ನಿಂತಿರುವುದರಿಂದ, ಆ ವ್ಯಾಜ್ಯದ ಕಡತವನ್ನು ಮತ್ತೊಮ್ಮೆ ಬಿಚ್ಚಿ ನೋಡುವುದು ಅನಗತ್ಯವೆನಿಸದು.

ಇದರ ವಿಜ್ಞಾನ ಸರಳವಾದದ್ದು. ಕಲ್ಲಿದ್ದಲಿನಲ್ಲಿ ಗಂಧಕದ ಅಂಶ ಅಷ್ಟೋ ಇಷ್ಟೋ ಇದ್ದೇ ಇರುತ್ತದೆ. ಉರಿಯುವಾಗ ಅದು ಗಂಧಕದ ಡೈಆಕ್ಸೈಡ್ ಎಂಬ ಕಟುವಾಸನೆಯ ಅನಿಲವಾಗುತ್ತದೆ. ಹೊರಬಿದ್ದ ಅನಿಲದ ಒಂದು ಪಾಲು ಹತ್ತಿರದ ನೆಲ, ಗಿಡ, ಗೋಡೆಗಳಿಗೆ ಅಂಟಿ ಮುಗಿದುಹೋಗುತ್ತದೆ. ಉಳಿದದ್ದು ಮೇಲೇರಿ ಗಾಳಿಯೊಡನೆ ಪಯಣಿಸುತ್ತ, ಬಿಸಿಲು, ತೇವ, ಮೋಡದ ಹನಿ ಇವುಗಳ ಸಂಗದಲ್ಲಿ ಕೆಲವೇ ದಿನಗಳೊಳಗೆ ಗಂಧಕಾಮ್ಲವಾಗಿಯೂ ಸಲ್ಫೇಟ್ ಎಂಬ ಅತಿ ಸೂಕ್ಷ್ಮ ಕಣಗಳಾಗಿಯೂ ಮಾರ್ಪಡುತ್ತದೆ. ಗಂಟೆಗೆ 36 ಕಿಲೋಮೀಟರು ವೇಗದ ಗಾಳಿ ಒಂದು ಹಗಲು ಒಂದು ರಾತ್ರಿಯಲ್ಲಿ 860 ಕಿಲೋಮೀಟರು ಸಾಗುತ್ತದೆ. ಇಂಗ್ಲೆಂಡಿನ ಪೂರ್ವ ಕರಾವಳಿಗೂ ನಾರ್ವೆಯ ದಕ್ಷಿಣ ತುದಿಗೂ ಇರುವ ಅಂತರ ಅಷ್ಟೂ ಇಲ್ಲ. ಗಾಳಿಯನ್ನು ಕಲಕುವ ಬೆಟ್ಟವಾಗಲಿ ಕಾದ ನೆಲವಾಗಲಿ ನಡುವೆ ಇಲ್ಲದ್ದರಿಂದ, ತಣ್ಣನೆಯ ಕಡಲಿನ ಮೇಲೆ ಹೊಗೆಯ ಪಟ್ಟೆ ಹೆಚ್ಚು ಚದುರದೆ ಬಹುದೂರ ಹೋಗಬಲ್ಲದು.

ಈ ಸಂಗತಿ ಯಾರಿಗೂ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1852ರಷ್ಟು ಹಿಂದೆಯೇ ಆ ನಗರದ ಮಳೆಯಲ್ಲಿ ಆಮ್ಲವನ್ನು ಗುರುತಿಸಿದ್ದನು. 1872ರ ತನ್ನ ಗ್ರಂಥದಲ್ಲಿ ‘ಆಮ್ಲಮಳೆ’ ಎಂಬ ಹೆಸರನ್ನೂ ಬಳಸಿದನು. ಸಮುದ್ರದ ಆಚೆ ದಡದಲ್ಲಿ, ನಾರ್ವೆಯ ನಾಟಕಕಾರ ಇಬ್ಸೆನ್ 1866ರ ‘ಬ್ರಾಂಡ್’ ನಾಟಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಮೋಡ ತನ್ನ ನಾಡಿನ ಮೇಲೆ ಕವಿಯುವುದನ್ನು ಚಿತ್ರಿಸಿದನು. 1881ರಲ್ಲಿ ಅದೇ ದೇಶದ ಭೂವಿಜ್ಞಾನಿ ಬ್ರೊಗ್ಗರ್ ಹಿಮದ ಮೇಲೆ ಮಸಿ ಬಿದ್ದದ್ದನ್ನು ಕಂಡು, ಅದು ಬ್ರಿಟನ್ನಿನಿಂದ ಬಂದಿರಬೇಕೆಂದು ಬರೆದನು. ಕವಿಯ ಕಣ್ಣಿಗೂ ವಿಜ್ಞಾನಿಯ ಕಣ್ಣಿಗೂ ಒಂದೇ ಸಂಗತಿ ಬಿದ್ದಿತ್ತು. ಆದರೆ ಅವರ ಮಾತನ್ನು ಕೇಳುವ ಪಂಚಾಯಿತಿ ಇರಲಿಲ್ಲ.

ಬ್ರಿಟನ್ನು ತನ್ನ ಹೊಗೆಯನ್ನು ಕುರಿತು ಎಚ್ಚತ್ತದ್ದು ಅದು ತನ್ನ ಮೂಗಿಗೇ ಬಂದಾಗ. 1929ರಲ್ಲಿ ಲಂಡನ್ನಿನ ನಡುಮಧ್ಯೆ ಬ್ಯಾಟರ್ಸೀ ವಿದ್ಯುತ್ ಸ್ಥಾವರದ ನಿರ್ಮಾಣ ಆರಂಭವಾದಾಗ ಅರಮನೆ, ಉದ್ಯಾನ, ಚಿತ್ರಶಾಲೆಗಳ ಗತಿಯೇನೆಂದು ದೊಡ್ಡ ಗುಲ್ಲೆದ್ದಿತು. ಪರಿಣಾಮವಾಗಿ 1933ರಲ್ಲಿ ಕೆಲಸ ಆರಂಭಿಸಿದ ಆ ಸ್ಥಾವರದ ಹೊಗೆಯನ್ನು ಥೇಮ್ಸ್ ನದಿಯ ನೀರಿನಿಂದ ತೊಳೆದು ಹೊರಬಿಡುವ ಏರ್ಪಾಡಾಯಿತು. ಎಂದರೆ ಗಂಧಕವನ್ನು ಹೊಗೆಯಿಂದ ಬೇರ್ಪಡಿಸುವ ವಿದ್ಯೆ ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿತ್ತು. ಅನಂತರ 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಐದು ದಿನ ಹೊಗೆಮಂಜು ಕವಿದು, ಅಂದಿನ ಲೆಕ್ಕದಂತೆಯೇ ಸುಮಾರು 4,000 ಜನ ಸತ್ತರು. 1956ರಲ್ಲಿ ಶುದ್ಧ ವಾಯು ಕಾಯಿದೆ ಬಂದಿತು. ಮನೆಗಳ ಒಲೆಯ ಹೊಗೆ ಕಡಿಮೆಯಾಯಿತು. ಆದರೆ ಇಂಗ್ಲೆಂಡಿನ ನಡುನಾಡಿನಲ್ಲಿಯೂ ಯಾರ್ಕ್‌ಷೈರಿನಲ್ಲಿಯೂ ಎದ್ದ ಹೊಸ ಬೃಹತ್ ಸ್ಥಾವರಗಳಿಗೆ ತೊಳೆಯುವ ಏರ್ಪಾಡು ಬೇಡವೆನಿಸಿತು. ಹೊಗೆಕೊಳವೆಯನ್ನು ಎತ್ತರಿಸಿದರೆ ಸಾಕು ಎಂಬುದು ನೀತಿಯಾಯಿತು. ಯಾರ್ಕ್‌ಷೈರಿನ ಡ್ರಾಕ್ಸ್ ಸ್ಥಾವರದ ಕೊಳವೆ 259 ಮೀಟರು ಎತ್ತರ. ವಿಜಾಪುರದ ಗೋಳಗುಮ್ಮಟದ ಐದು ಪಟ್ಟು. ಈ ನೀತಿ ವಿಫಲವಾಯಿತೆಂದು ಹೇಳಲಾಗದು. ಬ್ರಿಟನ್ನಿನ ಊರುಗಳ ನೆಲಮಟ್ಟದ ಗಾಳಿ ನಿಜವಾಗಿಯೂ ಹಸನಾಯಿತು, ಅಳತೆಯ ಯಂತ್ರಗಳು ಅದನ್ನು ಸಾರಿದವು. ಗಂಧಕ ಮಾತ್ರ ಒಂದು ತೊಲದಷ್ಟೂ ಕಡಿಮೆಯಾಗಲಿಲ್ಲ. ಅದಕ್ಕೆ ಪಯಣದ ಸೌಕರ್ಯ ಹೆಚ್ಚಿತು, ಅಷ್ಟೆ.

ಅದು ಇಳಿದ ಸ್ಥಳದ ದುರ್ದೈವವನ್ನು ಇಲ್ಲಿ ಹೇಳಬೇಕು. ದಕ್ಷಿಣ ನಾರ್ವೆಯ ಬೆಟ್ಟಗಳು ಕಡಲಿನಿಂದ ಬರುವ ತೇವದ ಗಾಳಿಯನ್ನು ತಡೆದು ಮಳೆಯನ್ನೂ ಹಿಮವನ್ನೂ ಸುರಿಸಿಕೊಳ್ಳುತ್ತವೆ. ಅಲ್ಲಿನ ನೆಲ ಗ್ರಾನೈಟು, ನೈಸ್ ಮುಂತಾದ ಗಟ್ಟಿ ಶಿಲೆಗಳದು. ಮೇಲೆ ತೆಳ್ಳನೆಯ ಮಣ್ಣು, ಅದರಲ್ಲಿ ಸುಣ್ಣದಂಶ ಅತ್ಯಲ್ಪ. ಸುಣ್ಣವಿದ್ದ ನೆಲ ಆಮ್ಲವನ್ನು ನುಂಗಿಕೊಳ್ಳುತ್ತದೆ. ಇಲ್ಲದ ನೆಲ ಅದನ್ನು ಹಾಗೆಯೇ ಹೊಳೆಗೆ ದಾಟಿಸುತ್ತದೆ, ದಾಟಿಸುವಾಗ ಮಣ್ಣಿನೊಳಗಿನ ಅಲ್ಯೂಮಿನಿಯಮನ್ನೂ ಕರಗಿಸಿ ಜೊತೆಗೆ ಕಳಿಸುತ್ತದೆ. ಮೀನಿನ ಕಿವಿರುಗಳಿಗೆ ಮೃತ್ಯುವಾಗುವುದು ಬಹುಮಟ್ಟಿಗೆ ಈ ಅಲ್ಯೂಮಿನಿಯಮ್. ಚಳಿಗಾಲವೆಲ್ಲ ಹಿಮದಲ್ಲಿ ಕೂಡಿಟ್ಟ ಆಮ್ಲ ವಸಂತದಲ್ಲಿ ಹಿಮ ಕರಗುವ ಮೊದಲ ಕೆಲವು ದಿನಗಳಲ್ಲಿಯೇ ಒಟ್ಟಾಗಿ ಹೊಳೆಗೆ ನುಗ್ಗುತ್ತದೆ. 1975ರ ವಸಂತದಲ್ಲಿ ತೊವ್‌ದಾಲ್ ನದಿಯಲ್ಲಿ ಟ್ರೌಟ್ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದ್ದು ಹೀಗೆ. ದಕ್ಷಿಣದ ಅನೇಕ ನದಿಗಳಲ್ಲಿ ಸಾಲ್ಮನ್ ಮೀನಿನ ಸಂತತಿಯೇ ಅಳಿಯಿತು. ಸತ್ತ ಕೆರೆಗಳ ನೀರು ನೋಡುವುದಕ್ಕೆ ಬಹು ಸುಂದರ; ಜೀವವಿಲ್ಲದ್ದರಿಂದ ತಳದವರೆಗೂ ಸ್ಫಟಿಕದಂತೆ ಕಾಣುತ್ತದೆ. ನೋಟವನ್ನೇ ನಂಬುವವರು ಅದನ್ನು ಶುದ್ಧವಾದ ನೀರೆಂದೇ ಕರೆದಾರು.

ಇದರ ಕಾರಣವನ್ನು ಹೊರಗೆಡಹಿದ್ದು ರೈತರಿಗಾಗಿ ಇಟ್ಟ ಪಾತ್ರೆಗಳು ಎಂಬುದು ಶಿಕ್ಷಕರು ವಿದ್ಯಾರ್ಥಿಗಳಿಗೆ ಹೇಳತಕ್ಕ ಸಂಗತಿ. ಮಳೆಯಿಂದ ಬೆಳೆಗಳಿಗೆ ಎಷ್ಟು ಪೋಷಕಾಂಶ ದೊರೆಯುತ್ತದೆಂದು ತಿಳಿಯಲು ಸ್ವೀಡನ್ನಿನ ಕೃಷಿವಿಜ್ಞಾನಿ ಹಾನ್ಸ್ ಎಗ್ನೇರ್ 1940ರ ದಶಕದ ಕೊನೆಯಲ್ಲಿ ಅಲ್ಲಲ್ಲಿ ಮಳೆನೀರು ಸಂಗ್ರಹಿಸುವ ವ್ಯವಸ್ಥೆ ಮಾಡಿದನು. ಅದು ಮುಂದೆ ಯುರೋಪಿನಾದ್ಯಂತ ಹರಡಿತು. ಹೀಗೆ ವರ್ಷಗಟ್ಟಲೆ ಕೂಡಿದ ಅಂಕಿಗಳನ್ನು ಮಣ್ಣಿನ ವಿಜ್ಞಾನಿ ಸ್ವಾಂತೆ ಓದೇನ್ ಒಟ್ಟಿಗೆ ಇಟ್ಟು ನೋಡಿದಾಗ, ಮಳೆಯ ಆಮ್ಲತೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದೂ ಅದರ ಸೀಮೆ ವಿಸ್ತರಿಸುತ್ತಿರುವುದೂ ಕಂಡಿತು. 1967ರ ಅಕ್ಟೋಬರಿನಲ್ಲಿ ಅವನು ಅದನ್ನು ಸ್ಟಾಕ್‌ಹೋಮಿನ ದಿನಪತ್ರಿಕೆಯೊಂದರಲ್ಲಿಯೇ ಬರೆದು, ಇದು ನಾಡುಗಳ ನಡುವಣ ರಾಸಾಯನಿಕ ಯುದ್ಧವೆಂದು ಕರೆದನು. ಆ ಮಾತು ಸ್ವಲ್ಪ ಅತಿಯಾಯಿತೆಂದು ಹೇಳಿದವರುಂಟು. ಯುದ್ಧದಲ್ಲಿ ಶತ್ರುವಿಗೆ ಎದುರಾಳಿಯ ಗುರುತಾದರೂ ಇರುತ್ತದೆ. ಇಲ್ಲಿ ಅದೂ ಇರಲಿಲ್ಲ.

1972ರ ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ ಸ್ವೀಡನ್ನು ಈ ದೂರನ್ನು ಲೋಕದ ಮುಂದಿಟ್ಟಿತು. ಯಾವ ದೇಶವೂ ತನ್ನ ಮೇರೆಯೊಳಗಿನ ಕೆಲಸಗಳಿಂದ ಮೇರೆಯಾಚೆಗೆ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯುಳ್ಳದ್ದು ಎಂಬ ತತ್ತ್ವ ಅಲ್ಲಿನ ಘೋಷಣೆಯ 21ನೆಯ ಅಂಶವಾಗಿ ಸೇರಿತು. ಅದೇ ವರ್ಷ ಆರಂಭವಾಗಿ ನಾರ್ವೆಯ ಬ್ರಿನ್ಯುಲ್ಫ್ ಒಟ್ಟಾರನ ಮುಂದಾಳುತನದಲ್ಲಿ ನಡೆದ ಹನ್ನೊಂದು ದೇಶಗಳ ಅಧ್ಯಯನ, 1977ರಲ್ಲಿ ತನ್ನ ಲೆಕ್ಕವನ್ನು ಒಪ್ಪಿಸಿತು. ನಾರ್ವೆ, ಸ್ವೀಡನ್ನುಗಳ ಮೇಲೆ ಇಳಿಯುವ ಗಂಧಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರನಾಡಿನದಾಗಿತ್ತು. ಜರ್ಮನಿ, ಪೋಲೆಂಡು ಮೊದಲಾದ ನಾಡುಗಳ ಪಾಲೂ ಅದರಲ್ಲಿ ಸೇರಿತ್ತೆಂಬುದನ್ನು ಮರೆಯಬಾರದು; ಎಲ್ಲ ದೋಷವನ್ನೂ ಬ್ರಿಟನ್ನಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬ್ರಿಟನ್ನಿನ ವಿದ್ಯುತ್ ಮಂಡಲಿಯ ಉತ್ತರ, ಪುರಾವೆ ಸಾಲದು ಎಂಬುದು. ಕೆರೆಗಳು ಆಮ್ಲವಾಗಲು ಕಾಡು, ಹುಲ್ಲುಗಾವಲುಗಳ ಬಳಕೆಯಲ್ಲಾದ ಬದಲಾವಣೆ ಕಾರಣವಾಗಿರಬಹುದೆಂಬ ವಾದವೂ ಇತ್ತು; ಇದನ್ನು ಮಂಡಿಸಿದವರಲ್ಲಿ ನಾರ್ವೆಯ ವಿಜ್ಞಾನಿಯೇ ಒಬ್ಬನಿದ್ದನು. ಈ ಸಂದೇಹ ಪ್ರಾಮಾಣಿಕವಾದದ್ದೇ. ಅದನ್ನು ಪರಿಹರಿಸಿದ ಬಗೆ ಮಾತ್ರ ಅತ್ಯಂತ ರಮ್ಯವಾಗಿದೆ. ಕೆರೆಯ ತಳದ ಕೆಸರು ವರ್ಷವರ್ಷದ ಪದರಗಳಾಗಿ ಕೂಡುತ್ತ ಹೋಗುತ್ತದೆ. ಅದರೊಳಗೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಗಾಜಿನಂಥ ಕವಚಗಳು ಅಳಿಯದೆ ಉಳಿಯುತ್ತವೆ. ಯಾವ ಜಾತಿಯ ಡಯಾಟಮ್ ಯಾವ ಆಮ್ಲತೆಯಲ್ಲಿ ಬಾಳುತ್ತದೆಂದು ತಿಳಿದರೆ, ಕೆಸರಿನ ಕಂಬವೊಂದನ್ನು ಮೇಲೆತ್ತಿ ಕೆರೆಯ ಚರಿತ್ರೆಯನ್ನೇ ಓದಬಹುದು. ಲಂಡನ್ನಿನ ವಿಶ್ವವಿದ್ಯಾಲಯದ ಬ್ಯಾಟರ್ಬಿ ಮತ್ತು ಅವನ ಸಂಗಡಿಗರು ಸ್ಕಾಟ್ಲೆಂಡಿನ ಗ್ಯಾಲೊವೇ ಪ್ರಾಂತದ ಕೆರೆಗಳಲ್ಲಿ ಹೀಗೆ ಓದಿದಾಗ, ಹತ್ತೊಂಬತ್ತನೆಯ ಶತಮಾನದ ಮಧ್ಯದಿಂದ ಈಚೆಗೆ ಆಮ್ಲತೆ ಏರಿದ್ದು ಹೊರಪಟ್ಟಿತು. ಸುತ್ತ ಹೊಸ ತೋಪು ಬೆಳೆಸದ ಕೆರೆಗಳಲ್ಲಿಯೂ ಅದೇ ಕಥೆ. ಇತ್ತ ವಿದ್ಯುತ್ ಮಂಡಲಿಯ ವಿಜ್ಞಾನಿಗಳೇ ತಮ್ಮ ಎಗ್ಗ್‌ಬರೋ ಸ್ಥಾವರದ ಹೊಗೆಯಲ್ಲಿ ಗುರುತಿನ ಅನಿಲವೊಂದನ್ನು ಬೆರೆಸಿ, ವಿಮಾನದಲ್ಲಿ ಅದನ್ನು ಉತ್ತರ ಸಮುದ್ರದ ಮೇಲೆ ಬೆನ್ನಟ್ಟಿ ಹೋದರು. ಮಂಡಲಿಯೂ ಕಲ್ಲಿದ್ದಲು ಮಂಡಲಿಯೂ 1983ರಲ್ಲಿ ಐವತ್ತು ಲಕ್ಷ ಪೌಂಡುಗಳನ್ನು ಕೊಟ್ಟು, ಬ್ರಿಟನ್, ನಾರ್ವೆ, ಸ್ವೀಡನ್ನುಗಳ ವಿಜ್ಞಾನ ಪರಿಷತ್ತುಗಳು ಕೂಡಿ ತನಿಖೆ ನಡೆಸಲು ಅನುವು ಮಾಡಿದವು. ಕಾಲಹರಣದ ತಂತ್ರವಿದೆಂದು ಅನೇಕರು ಶಂಕಿಸಿದರು. ಶಂಕೆ ಪೂರ್ತಿ ನಿರಾಧಾರವೂ ಆಗಿರಲಿಲ್ಲ. ಆದರೂ ಹಣ ಕೊಟ್ಟವರಿಗೆ ಪ್ರತಿಕೂಲವಾದ ತೀರ್ಮಾನವನ್ನು ಆ ವಿಜ್ಞಾನಿಗಳು ಕೊಟ್ಟರೆಂಬುದನ್ನು ವಿದ್ಯಾಸಂಸ್ಥೆಗಳವರೂ ದಾನಿಗಳೂ ಗಮನಿಸತಕ್ಕದ್ದು.

ಅಷ್ಟರಲ್ಲಿ ಒಪ್ಪಂದಗಳ ಕಾರ್ಯ ಸಾಗಿತ್ತು. 1979ರ ನವೆಂಬರಿನಲ್ಲಿ ಜಿನೀವಾದಲ್ಲಿ, ಮೇರೆ ದಾಟುವ ವಾಯುಮಾಲಿನ್ಯವನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಒಡಂಬಡಿಕೆ ಆಯಿತು. 1985ರಲ್ಲಿ ಹೆಲ್ಸಿಂಕಿಯಲ್ಲಿ, 1980ರ ಪ್ರಮಾಣಕ್ಕಿಂತ ನೂರಕ್ಕೆ 30 ಪಾಲು ಗಂಧಕವನ್ನು 1993ರೊಳಗೆ ಇಳಿಸುವ ಕರಾರು ಬಂದಾಗ ಬ್ರಿಟನ್ನು ಸಹಿ ಹಾಕಲಿಲ್ಲ. 1986ರಲ್ಲಿ ಕೆಲವು ಸ್ಥಾವರಗಳಿಗೆ ತೊಳೆಯುವ ಯಂತ್ರ ಹೂಡುವುದಾಗಿ ಒಪ್ಪಿತು. ಡ್ರಾಕ್ಸ್‌ನಲ್ಲಿ ಆ ಕೆಲಸ 1988ರಿಂದ 1996ರವರೆಗೆ ನಡೆಯಿತು. 1994ರ ಆಸ್ಲೊ ಕರಾರಿನಲ್ಲಿ 2010ರೊಳಗೆ ನೂರಕ್ಕೆ 80ರಷ್ಟು ಇಳಿಸಲು ಅದೇ ಬ್ರಿಟನ್ನು ಮಾತುಕೊಟ್ಟಿತು. 1970ರಲ್ಲಿ ವರ್ಷಕ್ಕೆ ಅರವತ್ತು ಲಕ್ಷ ಟನ್ನು ಮೀರಿದ್ದ ಅದರ ಗಂಧಕದ ಡೈಆಕ್ಸೈಡ್ ಇಂದು ಎರಡು ಲಕ್ಷ ಟನ್ನಿಗೂ ಕೆಳಗಿದೆ. ಅದರ ಕೊನೆಯ ಕಲ್ಲಿದ್ದಲು ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಇದೆಲ್ಲ ಧರ್ಮಬುದ್ಧಿಯಿಂದಲೇ ಆಯಿತೆಂದರೆ ಅದು ಅತ್ಯುಕ್ತಿ. ಉತ್ತರ ಸಮುದ್ರದಡಿಯ ನೈಸರ್ಗಿಕ ಅನಿಲ ಅಗ್ಗವಾಗಿ ದೊರೆತದ್ದೂ ಅಷ್ಟೇ ಮುಖ್ಯ ಕಾರಣ. ಅತ್ತ ನಾರ್ವೆಯು ತನ್ನ ಹೊಳೆಗಳಿಗೆ ಸುಣ್ಣಕಲ್ಲಿನ ಪುಡಿಯನ್ನು ಇಂದಿಗೂ ಸುರಿಯುತ್ತಿದೆ. ಮಂದಾಲ್ ನದಿಗೆ ಸಾಲ್ಮನ್ ಮರಳಿದೆ. ಮಣ್ಣು ಕಳೆದುಕೊಂಡ ಸುಣ್ಣದಂಶ ಮಾತ್ರ ಶಿಲೆ ಸವೆದು ಮರಳಿ ಕೂಡಬೇಕು. ಅದಕ್ಕೆ ಕರಾರಿನ ಗಡುವು ಅನ್ವಯಿಸುವುದಿಲ್ಲ.

ಇನ್ನು ಭಾರತದ ಮಾತು. 1972ರ ಆ ಸ್ಟಾಕ್‌ಹೋಮ್ ಸಮ್ಮೇಳನಕ್ಕೆ, ಆತಿಥೇಯ ಸ್ವೀಡನ್ನಿನ ಪ್ರಧಾನಿಯನ್ನು ಬಿಟ್ಟರೆ ಹೊರಗಿನಿಂದ ಬಂದ ಏಕೈಕ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು. ಬಡತನದ ಪ್ರಶ್ನೆಯನ್ನು ಬದಿಗಿಟ್ಟು ಪರಿಸರದ ಮಾತನಾಡಲಾಗದೆಂದು ಅವರು ಅಲ್ಲಿ ಎತ್ತಿದ ದನಿ ನ್ಯಾಯವಾದದ್ದು. ಹಳ್ಳಿಗೆ ವಿದ್ಯುತ್ತು ಬೇಕು. ಅದಕ್ಕೆ ಕಲ್ಲಿದ್ದಲು ಬೇಕಾಯಿತು. ಆದರೆ 2015ರವರೆಗೆ ಭಾರತದ ಶಾಖೋತ್ಪನ್ನ ಸ್ಥಾವರಗಳು ಎಷ್ಟು ಗಂಧಕವನ್ನು ಹೊರಬಿಡಬಹುದೆಂಬುದಕ್ಕೆ ರಾಷ್ಟ್ರಮಟ್ಟದ ಮಿತಿಯೇ ಇರಲಿಲ್ಲ. ಇದ್ದದ್ದು ಹೊಗೆಕೊಳವೆಯ ಎತ್ತರದ ನಿಯಮ ಮಾತ್ರ. 500 ಮೆಗಾವಾಟಿನ ಘಟಕಕ್ಕೆ 275 ಮೀಟರು. ಆ ವರ್ಷದ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮಿತಿಯನ್ನು ವಿಧಿಸಿ, ಎರಡು ವರ್ಷಗಳ ಗಡುವು ಕೊಡಲಾಯಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ಕಟ್ಟಕಡೆಗೆ 2025ರ ಜುಲೈ ತಿಂಗಳ ಅಧಿಸೂಚನೆ, ಘಟಕಗಳಲ್ಲಿ ನೂರಕ್ಕೆ ಸುಮಾರು 78ನ್ನು ಆ ಮಿತಿಯಿಂದ ಬಿಡುಗಡೆ ಮಾಡಿತು. ರಾಜಧಾನಿಯ ಸಮೀಪದವು, ಹತ್ತು ಲಕ್ಷಕ್ಕೂ ಮೇಲೆ ಜನಸಂಖ್ಯೆಯುಳ್ಳ ನಗರಗಳ ಸಮೀಪದವು ಮಾತ್ರ ಹೊಗೆಯನ್ನು ತೊಳೆಯಲೇಬೇಕು. ವಿನಾಯಿತಿ ಪಡೆದವಕ್ಕೆ ಇರುವ ಷರತ್ತು ಯಾವುದು? ಹೊಗೆಕೊಳವೆ ನಿಗದಿಯಾದಷ್ಟು ಎತ್ತರವಿರಬೇಕು! ಬ್ಯಾಟರ್ಸೀಗೆ ಒಂದು ನ್ಯಾಯ, ಡ್ರಾಕ್ಸ್‌ಗೆ ಇನ್ನೊಂದು ನ್ಯಾಯ ಎಂಬಂತಿದ್ದ ಬ್ರಿಟನ್ನಿನ ಹಳೆಯ ಕ್ರಮ ಅಕ್ಷರಶಃ ಮರಳಿ ಬಂದಂತಾಗಿದೆ.

ಈ ತೀರ್ಮಾನಕ್ಕೆ ಕೊಟ್ಟ ಕಾರಣಗಳನ್ನು ತಳ್ಳಿಹಾಕದೆ ತೂಗಿ ನೋಡಬೇಕು. ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ನೂರಕ್ಕೆ ಅರ್ಧದಷ್ಟು, ಇದು ನಿಜ. ಆದರೆ ಬೂದಿ ಹೆಚ್ಚಿ ಕಾವು ಕಡಿಮೆಯಾದ ಆ ಕಲ್ಲಿದ್ದಲನ್ನು ಅಷ್ಟೇ ವಿದ್ಯುತ್ತಿಗಾಗಿ ಹೆಚ್ಚು ಸುಡಬೇಕಾಗುತ್ತದೆ; ಒಟ್ಟು ಮೊತ್ತದಲ್ಲಿ ಭಾರತ ಇಂದು ಜಗತ್ತಿನಲ್ಲಿಯೇ ಅತಿ ಹೆಚ್ಚು ಗಂಧಕದ ಡೈಆಕ್ಸೈಡನ್ನು ಹೊರಬಿಡುವ ದೇಶವೆನಿಸಿದೆ. ಉತ್ತರದ ಬಯಲಿನ ಧೂಳಿನಲ್ಲಿ ಸುಣ್ಣದಂಶವಿದ್ದು ಅದು ಮಳೆಯ ಆಮ್ಲವನ್ನು ತಣಿಸುತ್ತದೆಂಬುದೂ ನಿಜವೇ. ಪಶ್ಚಿಮ ಘಟ್ಟದ ಜಂಬಿಟ್ಟಿಗೆಯ ಮಣ್ಣಿಗೆ ಆ ರಕ್ಷೆ ಇಲ್ಲ. ತೊಳೆಯುವುದಕ್ಕೆ ಸುಣ್ಣಕಲ್ಲು, ನೀರು, ಹಣ ಬೇಕು, ವಿದ್ಯುತ್ತಿನ ದರ ತುಸು ಏರುತ್ತದೆ ಎಂಬುದಂತೂ ನಿರ್ವಿವಾದ. ಇವೆಲ್ಲಕ್ಕಿಂತ ಹೆಚ್ಚಾಗಿ ಮುಂದಿಟ್ಟ ವಾದ, ಸ್ಥಾವರಗಳ ಸುತ್ತಲಿನ ಗಾಳಿಯಲ್ಲಿ ಗಂಧಕದ ಡೈಆಕ್ಸೈಡ್ ಮಿತಿಯೊಳಗೇ ಇದೆ ಎಂಬುದು. ಇರಬಹುದು. 275 ಮೀಟರಿನ ಕೊಳವೆಯ ಬುಡದಲ್ಲಿ ನಿಂತು ಅಳೆದರೆ ಮತ್ತೇನು ಸಿಕ್ಕೀತು? ಯಾರ್ಕ್‌ಷೈರಿನಲ್ಲಿ ಅಳೆದವರಿಗೂ ಅದೇ ಸಿಕ್ಕಿತ್ತು. ನೂರಾರು ಕಿಲೋಮೀಟರು ಸಾಗಿದ ಮೇಲೆ ಆ ಅನಿಲ ಸಲ್ಫೇಟಿನ ಸೂಕ್ಷ್ಮ ಕಣವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುವಾಗ ಅದರ ಹೆಸರೂ ಬೇರೆ, ಅದನ್ನು ಬರೆದಿಡುವ ಪುಸ್ತಕವೂ ಬೇರೆ.

ಸಾಗುವುದೆಂದರೆ ಎಲ್ಲಿಗೆ? ಡಿಸೆಂಬರಿನಿಂದ ಮಾರ್ಚಿಯವರೆಗೆ ಉಪಖಂಡದ ಮೇಲಿನ ಗಾಳಿ ಈಶಾನ್ಯದಿಂದ ಬೀಸಿ ಅರಬ್ಬೀ ಸಮುದ್ರದ ಮೇಲೆ ಹರಡುತ್ತದೆ. 1999ರ ಜನವರಿಯಿಂದ ಮಾರ್ಚಿಯವರೆಗೆ ನಡೆದ ಹಿಂದೂ ಮಹಾಸಾಗರ ಪ್ರಯೋಗ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಅದನ್ನು ಕೂಲಂಕಷವಾಗಿ ಅಳೆಯಲಾಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ವೀರಭದ್ರನ್ ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಭಾರತದ ‘ಸಾಗರ ಕನ್ಯಾ’ ಹಡಗೂ ಅದರಲ್ಲಿ ಪಾಲುಗೊಂಡಿತು. ಕೈಗಾರಿಕೆಯ ಸುಳಿವಿಲ್ಲದ ಮಾಲ್ಡೀವ್ಸ್‌ನ ಕಾಶಿಧೂ ದ್ವೀಪದಲ್ಲಿ ಹೂಡಿದ ವೀಕ್ಷಣಾಲಯದ ಮೇಲೆ ನಗರದ ಗಾಳಿಯಂಥ ಮಸುಕು ಕವಿದಿತ್ತು. ಅದರ ಸೂಕ್ಷ್ಮ ಕಣಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಲ್ಫೇಟು. ಕಟ್ಟಿಗೆ, ಬೆರಣಿಗಳ ಮಸಿಯೂ ಅದರಲ್ಲಿ ಬೆರೆತಿತ್ತೆಂಬುದು ಬೇರೆ ಮಾತು. ಅದಕ್ಕೂ ಒಂದು ವರ್ಷ ಮೊದಲು, 1998ರಲ್ಲಿ, ಭಾರತವೂ ಸೇರಿ ಎಂಟು ದೇಶಗಳು ಮೇರೆ ದಾಟುವ ವಾಯುಮಾಲಿನ್ಯವನ್ನು ಕುರಿತು ಘೋಷಣೆಯೊಂದನ್ನು ಅಂಗೀಕರಿಸಿದ್ದವು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಹೆಸರೇ ಅದಕ್ಕೆ. ಯಾವ ದೇಶ ಎಷ್ಟು ಇಳಿಸಬೇಕೆಂಬ ಅಂಕಿ ಅದರಲ್ಲಿ ಇಲ್ಲ.

ಶರಣರು ಕಾಯಕಕ್ಕೆ ಸತ್ಯಶುದ್ಧ ಎಂಬ ವಿಶೇಷಣವನ್ನು ಸೇರಿಸಿದ್ದು ಅಲಂಕಾರಕ್ಕಲ್ಲ. ದುಡಿಮೆಯ ಫಲ ತನಗೆ, ಅದರ ಕೊಳೆ ಕಾಣದವನಿಗೆ ಎಂಬ ವಿಭಜನೆಗೆ ಅಲ್ಲಿ ಎಡೆಯಿಲ್ಲ. ದಾಸೋಹದ ಪಂಕ್ತಿಯಲ್ಲಿ ದೂರದ ಊರಿನವನನ್ನು ಕೊನೆಗೆ ಕೂರಿಸುವ ಪದ್ಧತಿಯೂ ಇಲ್ಲ. ಮಠದ ನೆರಳಿನ ಶಾಲೆಗಳು ಈ ವಿಷಯದಲ್ಲಿ ಏನೂ ಮಾಡಲಾಗದ ಸ್ಥಿತಿಯಲ್ಲಿಲ್ಲ. ಎಗ್ನೇರನ ವ್ಯವಸ್ಥೆಗೆ ಬೇಕಾದದ್ದು ಶುಚಿಯಾದ ಪಾತ್ರೆ ಮತ್ತು ತಪ್ಪದೆ ಬರೆದಿಡುವ ಶ್ರದ್ಧೆ. ಬೀದರಿನಿಂದ ಚಾಮರಾಜನಗರದವರೆಗೆ ಮಠಗಳ ಪ್ರೌಢಶಾಲೆಗಳು ಹರಡಿವೆ. ಅವುಗಳಲ್ಲಿ ಕೆಲವು ರಾಯಚೂರು, ಬಳ್ಳಾರಿಗಳ ಸ್ಥಾವರಗಳ ಗಾಳಿಯ ಹಾದಿಯಲ್ಲಿಯೇ ಇವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುವ ಹಿಂಗಾರಿನ ಪ್ರತಿಯೊಂದು ಮಳೆಯನ್ನೂ ಬಟ್ಟಿಯಿಳಿಸಿದ ನೀರಿನಿಂದ ತೊಳೆದ ಪಾತ್ರೆಯಲ್ಲಿ ಹಿಡಿದು, ಧೂಳು ಬೀಳದಂತೆ ಮಳೆಯಿಲ್ಲದಾಗ ಮುಚ್ಚಿಟ್ಟು, ಅದೇ ದಿನ ಪಿಎಚ್ ಅಳೆದು, ಗಾಳಿಯ ದಿಕ್ಕನ್ನೂ ಪಕ್ಕದಲ್ಲಿ ಬರೆಯುವುದು ಒಂಬತ್ತನೆಯ ತರಗತಿಯ ಮಕ್ಕಳಿಂದ ಆಗುವ ಕೆಲಸ. ಬಣ್ಣ ಬದಲಾಯಿಸುವ ಕಾಗದದ ಪಟ್ಟಿ ಇದಕ್ಕೆ ಸಾಲದು. ಮಳೆನೀರಿನಲ್ಲಿ ಲವಣಾಂಶ ತೀರ ಕಡಿಮೆಯಾದ್ದರಿಂದ ಒಳ್ಳೆಯ ಅಳತೆಯಂತ್ರವೇ ಬೇಕು, ಅದನ್ನು ಆಗಾಗ ಸರಿಹೊಂದಿಸುವ ದ್ರಾವಣವೂ ಬೇಕು. ಹಳೆಯ ವಿದ್ಯಾರ್ಥಿಗಳ ಸಂಘಗಳು ಕೊಠಡಿಗೆ ಹೆಸರಿನ ಕಲ್ಲು ಹಾಕಿಸುವ ಒಂದು ವರ್ಷದ ಹಣದಲ್ಲಿ ಅಂಥ ಹತ್ತಾರು ಯಂತ್ರಗಳು ಬಂದಾವು. ಓದೇನನ ಮುಂದೆ ಇದ್ದದ್ದು ಹಲವಾರು ವರ್ಷಗಳ ಅಂಕಿಗಳು. ಇಲ್ಲಿಯೂ ಅಷ್ಟು ವರ್ಷ ಬೇಕಾದೀತು; ಮೊದಲ ಪಾತ್ರೆಯನ್ನು ಈ ಹಿಂಗಾರಿಗೇ ಇಡಬಹುದು.